ಗುಜರಿಗೆ ಹೊರಟ ಗಾಡಿ

ಉಗರಗೋಳದ ಹೆಂಚೆಲ್ಲ ಹಾರುವಂತೆ ಗುಡುಗಿದ ಶಂಕ್ರೆಪ್ಪನ ಹಳೇ ಮೋಟರ್‌ಸೈಕಲ್ಲು ಗಳಿಗೆಯೊಳಗೆ ಮತ್ತೆ ಉಸಿರುಕಟ್ಟಿ ನಿಂತುಹೋಯಿತು. ಮೂರು ಲೋಕದ ಮೇಸ್ತ್ರಿಗಳೂ ಸೋತು ಕೈಮುಗಿದ ಗಾಡಿ! ಮದುವೆಯಾದ ದಿನ ಹೆಂಡತಿ ಶೆಟ್ಟೆವ್ವನನ್ನು ಹೊತ್ತು ತಂದದ್ದೂ ಅದೇ. ಇಂದು ಅದನ್ನು ಕೊಳ್ಳಲು ಮನೋಳಿಯ ಗುಜರಿಯವನು ಕಟ್ಟೆಯ ಮೇಲೆ ಕಾದು ಕೂತಿದ್ದ.

ಒಳಗಿನ ಪೆಟ್ರೋಲಾದರೂ ಉಳಿಯಲೆಂದು ಶಂಕ್ರೆಪ್ಪ ಟಾಕಿಯ ಮುಚ್ಚಳ ತಿರುವಿದ. ಮಲಪ್ರಭೆಯನ್ನೇ ಹೀರುವಂತೆ ಸೊರ್ರೆಂದು ಗಾಳಿ ಒಳನುಗ್ಗಿತು. ನೋಡಿದರೆ, ಮುಚ್ಚಳದ ಗಾಳಿತೂತಿನಲ್ಲಿ ಎಲ್ಲಮ್ಮನ ಭಂಡಾರದ ಅರಿಸಿನಪುಡಿ ಗಟ್ಟಿಯಾಗಿ ಕೂತಿದೆ!

“ಇಲ್ಲ್ಯಾಕ ಭಂಡಾರ ಹಚ್ಚೀದಿ?” ಬಾಗಿಲಲ್ಲಿ ನಿಂತ ಹೆಂಡತಿಯನ್ನು ಕೇಳಿದ.

“ಗಾಡಿ ಹಣಿ ಅಲ್ಲೇನ್ರಿ ಅದು? ಮಂಗಳವಾರಕ್ಕೊಮ್ಮೆ ಹಚ್ಚತೇನಿ,” ಎಂದಳು ಶೆಟ್ಟೆವ್ವ.

“ಹಣಿ ಅಲ್ಲ ಹುಚ್ಚಿ, ಅದರ ಮೂಗು! ಗಾಳಿ ಸಿಗದ ಪೆಟ್ರೋಲ ಇಳೀವಲ್ದು. ನಿನ್ನ ಸೀರಿ ಪಿನ್ನ ಕೊಡ ಇಲ್ಲೆ.”

ತೂತು ಬಿಡಿಸಿ ಒಂದೇ ಕಿಕ್ಕು ಹೊಡೆದ. ಎಷ್ಟು ಹೊತ್ತಾದರೂ ಗಾಡಿಯ ಗುಡುಗು ನಿಲ್ಲಲಿಲ್ಲ. ಗುಜರಿಯವನೇ ಎದ್ದು ಬಂದು ಹಿಂದೆ ಹತ್ತಿ ಕೂತ.

“ಕಾಕಾ, ಹಂಗಾರ ನನ್ನ ಮನೋಳಿತನಕ ಬಿಟ್ಟ ಬರ್ರಿ.”