ಅಳಬಾರದ ಕೋಣೆ

"ಬೆಲೋಯಾರ್ ಹಡಗಿಗೆ ಇನ್ನು ಯಾರ ಮಾತೂ ಹೋಗುವುದು ಬೇಡ" ಎಂದಿತು ಹಡಗು ಕಚೇರಿಯ ಫೋನು. ಸರಕು ತುಂಬಿಕೊಂಡು ಹೋದ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿದೆ. ಯಾರು ಉಳಿದರೋ ಯಾರು ಹೋದರೋ ಇನ್ನೂ ತಿಳಿಯದು. ಮೇಲಿನಿಂದ ಅಪ್ಪಣೆಯಾಗುವವರೆಗೆ ಬಾಯಿ ಬಿಡಕೂಡದು. ರೇಡಿಯೋ ಕೇಂದ್ರದ ರಿಮ್ಮಾ ಫೋನು ಕೆಳಗಿಟ್ಟು ತಿರುಗಿದರೆ ಬಾಗಿಲಲ್ಲಿ ತಾಸ್ಯಾ ನಿಂತಿದ್ದಳು. ಅವಳ ಗಂಡ ಯೆಫೀಮ ಅದೇ ಬೆಲೋಯಾರ್‌ನ ಎಂಜಿನ್ ಕೋಣೆಯಲ್ಲಿ ಕೆಲಸಗಾರ.

ಮುರ್ಮಾನ್ಸ್ಕ್ ಬಂದರಿನ ಆ ಪುಟ್ಟ ರೇಡಿಯೋ ಕೇಂದ್ರದಲ್ಲಿ, ಕಡಲಿಗೆ ಹೋದವರ ಹೆಂಡಂದಿರ ಮಾತನ್ನು ಟೇಪಿಗೆ ಹಿಡಿದು ಭಾನುವಾರ ಹಡಗುಗಳಿಗೆ ಕೇಳಿಸುವುದು ರಿಮ್ಮಾಳ ಕೆಲಸ. ಅವಳದು ಒಂದೇ ಕಟ್ಟಳೆ: ಮೈಕಿನ ಮುಂದೆ ಅಳಬಾರದು. ದನಿ ಸ್ವಲ್ಪ ನಡುಗಿತೋ, ಯಂತ್ರ ನಿಲ್ಲಿಸಿ ಗದರಿಸುವಳು. "ನಡುಗಡಲಲ್ಲಿರೋ ಗಂಡಸು ನಿನ್ನ ಕಣ್ಣೀರು ಕಟ್ಕೊಂಡು ಏನ್ಮಾಡ್ಬೇಕು? ಮೂಗು ಒರೆಸ್ಕೋ. ನಗ್ತಾ ಹೇಳು." ಎಷ್ಟೋ ವರ್ಷಗಳಿಂದ ಆ ಬಂದರಿನ ಹೆಂಗಸರೆಲ್ಲ ನಗುನಗುತ್ತಲೇ ಮಾತಾಡಿ ಹೋಗಿದ್ದರು.

ಮೀನು ಹೊಗೆಯಾಡಿಸುವ ಕಾರ್ಖಾನೆಯಿಂದ ನೇರವಾಗಿ ಬಂದಿದ್ದ ತಾಸ್ಯಾ, ಕಾಗದ ಸುತ್ತಿದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು. "ಹೊಗೆ ಹಾಕಿದ ಕಾಡ್ ಮೀನು, ರಿಮ್ಮಕ್ಕ. ಲಂಚ ಅಂತ್ಲೇ ಇಟ್ಕೊಳ್ಳಿ. ಇವತ್ತು ನನ್ನನ್ನ ಅರ್ಧಕ್ಕೇ ನಿಲ್ಲಿಸ್ಬೇಡಿ."

"ಇವತ್ತು ಯಂತ್ರ ಸರಿ ಇಲ್ಲ ಕಣೇ. ನಾಳೆ ಬಾ."

"ಈಗ ತಾನೇ ಒಬ್ಬಳು ಮಾತಾಡಿ ಆಚೆಗೆ ಹೋದ್ಲು. ನನ್ನ ಸರದಿ ಬಂದಾಗ್ಲೇ ಕೆಡುತ್ತಾ ನಿಮ್ಮ ಯಂತ್ರ?" ಕುರ್ಚಿ ಎಳೆದು ಕೂತೇಬಿಟ್ಟಳು. "ಹೋದ ಸಲ ನೀವು ಮಾಡಿದ್ದು ನೆನಪಿದೆಯಾ? ಅವನು ಹೊರಡೋ ದಿನ ಸಿಟ್ಟಲ್ಲಿ, 'ನೀನಿಲ್ದಿದ್ರೇ ಈ ಮನೆಗೆ ನೆಮ್ಮದಿ' ಅಂದ್ಬಿಟ್ಟಿದ್ದೆ. ಆ ಮಾತು ವಾಪಸ್ ತಗೊಳ್ಳೋಣ ಅಂತ ಇಲ್ಲಿಗೆ ಬಂದೆ. ಅಳು ಬಂತು. ನೀವು ಗದರಿಸಿ ಏನು ಹೇಳಿಸಿದ್ರಿ? 'ಮನೇಲಿ ಎಲ್ರೂ ನೆಮ್ಮದಿಯಾಗಿದೀವಿ, ನಮ್ಮ ಚಿಂತೆ ಬೇಡ.' ಅದನ್ನ ಕೇಳಿ ಯೆಫೀಮ ಏನಂದ್ಕೊಂಡಿರ್ಬೇಕು, ನೀವೇ ಹೇಳಿ!"

ಆ ಮಾತು ಸೊಗಸಾಗಿ ಬಂದಿದೆಯೆಂದು ಅವತ್ತು ರಿಮ್ಮಾ ತಾನೇ ಮೆಚ್ಚಿಕೊಂಡಿದ್ದಳು. ಅವನು ಮನೆಯಿಂದ ಕೇಳಿದ ಕೊನೆಯ ಮಾತು ಅದೇ ಆಗಿಹೋಯಿತೇನೋ. ಏನಾದರೊಂದು ನೆಪ ಹೇಳಿ ಇವಳನ್ನು ಸಾಗಹಾಕುವುದೇ ಜಾಣತನ. ಜಾಣತನವೆಲ್ಲ ಗೊತ್ತಿದ್ದೂ ಕೈ ಯಂತ್ರದ ಕಡೆಗೆ ಹೋಯಿತು. "ಮಾತಾಡು" ಎಂದಳು.

"ಯೆಫೀಮ, ನಾನು ಕಣೋ. ಹೋದ ಸಲ ಹೇಳಿದ್ದು ಬರೀ ಸುಳ್ಳು. ನೆಮ್ಮದಿ ಎಲ್ಲಿಂದ ಬರ್ಬೇಕು? ಕಿಟಕಿ ಸಂದೀಲಿ ಗಾಳಿ ನುಗ್ತಿದೆ, ಹತ್ತಿ ತುರುಕೋಕೆ ನನ್ನ ಕೈ ಎಟುಕಲ್ಲ. ನಿಮ್ಮಮ್ಮನೂ ನಾನೂ ಒಂದೇ ಪಾತ್ರೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ಕೊಂಡು ಜಗಳ ಆಡ್ತೀವಿ, ಬಿಡಿಸೋರಿಲ್ಲ. ನಿನ್ನ ಗೊರಕೆ ಇಲ್ದೆ ನಿದ್ದೆ ಹತ್ತಲ್ಲ ಕಣೋ, ಕತ್ತೆ..." ನಗುತ್ತಿದ್ದವಳ ದನಿ ಅಲ್ಲಿಗೆ ಒಡೆಯಿತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. "ಬೇಗ ಬಾ. ಬೈಸ್ಕೊಳ್ಳೋಕಾದ್ರೂ ಬಾ."

ರಿಮ್ಮಾ ತಿರುಗುವ ಟೇಪನ್ನೇ ನೋಡುತ್ತ ಕೂತಿದ್ದಳು. ಗುಂಡಿಯನ್ನು ಮುಟ್ಟಲಿಲ್ಲ.

ತಾಸ್ಯಾ ಕಣ್ಣೊರೆಸಿಕೊಂಡು ಎದ್ದಳು. "ಸದ್ಯ! ಎದೆ ಮೇಲಿನ ಕಲ್ಲು ಇಳೀತು. ಭಾನುವಾರ ಕೇಳಿಸ್ತೀರಲ್ಲ?"

"ಹೂಂ."

ತಲೆವಸ್ತ್ರ ಕಟ್ಟಿಕೊಂಡು ಬಾಗಿಲ ಹಿಡಿಗೆ ಕೈಯಿಟ್ಟವಳು ಹಾಗೆಯೇ ನಿಂತಳು. ನಿಧಾನವಾಗಿ ತಿರುಗಿದಳು. "ರಿಮ್ಮಕ್ಕ, ನಾನು ಅಷ್ಟೊತ್ತು ಅತ್ತೆ. ನೀವು ನಿಲ್ಲಿಸ್ಲಿಲ್ಲ."

"ಮೀನು ತಂದಿದೀಯಲ್ಲ..." ಎಂದು ರಿಮ್ಮಾ ನಗಲು ಹೋದಳು. ತುಟಿ ಮಾತು ಕೇಳಲಿಲ್ಲ.

ತಾಸ್ಯಾ ಅವಳ ಮುಖವನ್ನೇ ನೋಡಿದಳು. "ಯೆಫೀಮ?"

"ಗೊತ್ತಿಲ್ಲ. ದೇವರಾಣೆ, ಯಾರ ಹೆಸರೂ ಗೊತ್ತಿಲ್ಲ. ಹಡಗು ಮುಳುಗಿದೆ, ಅಷ್ಟೇ ಗೊತ್ತಿರೋದು. ಹೇಳ್ಕೂಡ್ದು ಅಂದಿದಾರೆ." ರಿಮ್ಮಾ ಕುರ್ಚಿಯಿಂದ ಎದ್ದಳು. "ಅವತ್ತೇ ನಿನ್ನನ್ನ ಅಳೋಕೆ ಬಿಡ್ಬೇಕಾಗಿತ್ತು, ತಾಸ್ಯಾ."

ತಾಸ್ಯಾ ಗೋಡೆಗೆ ಒರಗಿ ನಿಂತಳು. ಕಣ್ಣಲ್ಲಿ ಒಂದು ಹನಿಯಿಲ್ಲ. ಇದ್ದುದೆಲ್ಲ ಮೈಕಿಗೆ ಕೊಟ್ಟಾಗಿತ್ತು. ಬಾಗಿಲ ಕಡೆ ನೋಡಿದಳು. "ಹೊರಗೆ ನ್ಯೂರಾ ಕೂತಿದಾಳೆ. ಅವಳ ಗಂಡ ಅದೇ ಹಡಗಲ್ಲಿ ಅಡುಗೆಯವನು. ಇಲ್ಲಿಂದ ಹೋಗಿ ಬಂದರಿನ ಕ್ರೇನ್ ಹತ್ತಿ ನಡೆಸೋಳು ಅವಳು. ನನ್ನ ಹಾಗೆ ಅವಳಿಗೂ ಗೊತ್ತಾಗಿ ಕೈ ನಡುಗಿದ್ರೆ ಕೆಳಗಿರೋರ ಗತಿ ಏನು? ಅವಳು ಅತ್ರೆ ನಿಲ್ಲಿಸಿ, ರಿಮ್ಮಕ್ಕ. ಚೆನ್ನಾಗಿ ಬೈದು ನಿಲ್ಲಿಸಿ."

ಹೂಜಿಯ ನೀರಿನಿಂದ ಮುಖ ತೊಳೆದು, ಕೆನ್ನೆಯನ್ನು ಕೆಂಪಾಗುವಷ್ಟು ಉಜ್ಜಿಕೊಂಡು ಹೊರಗೆ ಹೋದಳು. ಬಾಗಿಲು ಮುಚ್ಚಿಕೊಳ್ಳುವ ಮೊದಲು ರಿಮ್ಮಾಳಿಗೆ ಅವಳ ದನಿ ಕೇಳಿಸಿತು, ಮದುವೆಮನೆಗೆ ಹೊರಟವಳ ದನಿ:

"ಹೋಗೇ ನ್ಯೂರಾ, ನಿನ್ನ ಸರದಿ. ರಿಮ್ಮಕ್ಕ ಇವತ್ತು ಕೆಂಡ ಆಗಿದಾರೆ, ಹುಷಾರು. ನಕ್ಕೊಂಡೇ ಮಾತಾಡು."