ಹಿಂದೆ ಬಂದವನು

ಆರು ವರ್ಷದ ಭೂಮಿಕಾ ಅಂದು ಮೊದಲ ಬಾರಿ ಒಬ್ಬಳೇ ಶಾಲೆಗೆ ಹೊರಟಿದ್ದಳು. ಶಾಲೆ ಇದ್ದದ್ದು ಪಕ್ಕದ ಓಣಿಯಾಚೆ. ಒಬ್ಬಳೇ ಹೋಗುವುದಾಗಿ ಅಪ್ಪ ವಿರೂಪಾಕ್ಷನ ಹತ್ತಿರ ಎಷ್ಟೋ ದಿನದಿಂದ ಹಟ ಹಿಡಿದಿದ್ದಳು. "ಎಲ್ಲೀತನಕಾ ಕೈ ಹಿಡ್ಕೊಂಡ ಅಡ್ಡಾಡಸ್ತೀರಿ? ಹೋಗ್ಲಿ ಬಿಡ್ರಿ" ಎಂದು ಅವನ ಹೆಂಡತಿಯೂ ಮಗಳ ಪರವೇ ನಿಂತಳು.

ವಿರೂಪಾಕ್ಷ ಹೂಂ ಅಂದದ್ದೇನೋ ನಿಜ. ಆದರೆ ಮಗಳು ಓಣಿ ತಿರುಗುತ್ತಲೇ ಅವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಎಲ್ಲರ ಮೊಬೈಲಿನಲ್ಲೂ ಹರಿದಾಡುತ್ತಿತ್ತು. ಅವಳಿಗೆ ಗುರುತು ಸಿಗದಿರಲೆಂದು ತಲೆಗೂ ಮುಖಕ್ಕೂ ಟವೆಲ್ ಸುತ್ತಿಕೊಂಡು, ಗೋಡೆಗಳ ಮರೆಯಲ್ಲಿ ಹಿಂದೆ ಹಿಂದೆ ನಡೆದ. ಅವಳು ನಾಯಿ ಕಂಡು ನಿಂತರೆ ತಾನೂ ಉಸಿರು ಬಿಗಿಹಿಡಿದು ನಿಂತ.

ಹಿಟ್ಟಿನ ಗಿರಣಿಯ ಮುಂದೆ ಯಾರೋ ಅವನ ರಟ್ಟೆ ಹಿಡಿದರು.

"ಯಾರ್ಲೇ ನೀ? ಆ ಕೂಸಿನ ಬೆನ್ನ ಹತ್ತಿ ಯಾಕ ಹೊಂಟಿ?"

"ನನ್ನ ಮಗಳ್ರೀ ಆಕಿ!"

"ಮಗಳಾದ್ರ ಮಾರಿ ಯಾಕ ಮುಚ್ಚಿಕೊಂಡಿ?"

ನೋಡನೋಡುತ್ತಿದ್ದಂತೆ ಜನ ಸೇರಿದರು. ಒಬ್ಬನ ಕೈಯಲ್ಲಿ ಬಡಿಗೆಯಿತ್ತು. ಇನ್ನೊಬ್ಬ ಟವೆಲ್ ಕಿತ್ತೆಸೆದು ಕಪಾಳಕ್ಕೆ ಬಿಗಿದ. ತುಟಿ ಒಡೆದು ರಕ್ತ ಬಂತು. ಅಷ್ಟರಲ್ಲಿ ಗಿರಣಿಯವನು ಭೂಮಿಕಾಳನ್ನು ಕರೆತಂದು ಎದುರಿಗೆ ನಿಲ್ಲಿಸಿದ.

"ಅಂಜಬ್ಯಾಡವಾ. ಇಂವ ನಿಮ್ಮಪ್ಪ ಏನು?"

"ಹೇಳವ್ವಾ, ಲಗೂನ ಹೇಳು" ಎಂದು ವಿರೂಪಾಕ್ಷ ಅಂಗಲಾಚಿದ.

ಮಗಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಸಿಟ್ಟಿಗೆ ಅವಳ ಮುಖ ಊದಿಕೊಂಡಿತ್ತು.

"ಅಲ್ಲ. ನಮ್ಮಪ್ಪ ಹಿಂದ ಬರಂಗಿಲ್ಲಂತ ನನ್ನ ತಲಿ ಮುಟ್ಟಿ ಆಣಿ ಮಾಡ್ಯಾನ."