ನುಣುಪು

ಬಿಳಿ ಮರದ ಮೇಲೆ ಆ ಕೆಂಪು ಮತ್ತೆ ಕಾಣಿಸಿತು. ಕೋಲಿನ ಹಿಡಿಕೆಗೆ ಬಳಿದ ಬಣ್ಣವೇ ತಗುಲಿರಬೇಕೆಂದು ಬಸಲಿಂಗಯ್ಯ ಸ್ಯಾಂಡ್ ಪೇಪರ್‌ನಿಂದ ಇನ್ನಷ್ಟು ಉಜ್ಜಿದ. ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕ ಕಫೀಲನ ಮಗ ತನ್ನ ಕೈಯಳತೆ ಕೊಟ್ಟು ಮಾಡಿಸುತ್ತಿದ್ದ ಪೂಲ್ ಆಟದ ಕೋಲು ಅದು, ಸಂಜೆಯೊಳಗೆ ಮುಗಿಯಬೇಕು. ಕೊಲ್ಲಿ ದೇಶದ ಸುಲೈಬಿಯಾದ ಆ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಮರ ಕಡೆಯುವವರು ಬೇಕಾದಷ್ಟು ಜನರಿದ್ದರು. ಕೊನೆಯ ನುಣುಪು ಮಾತ್ರ ಬಸಲಿಂಗಯ್ಯನ ಬೆರಳುಗಳೇ ಹೇಳಬೇಕು. ಅವನು ಕಣ್ಣು ಮುಚ್ಚಿ ಒಮ್ಮೆ ಸವರಿ ‘ಖಲಾಸ್’ ಅಂದರೆ ಮುಗಿಯಿತು. ಅಲ್ಲಿ ಉಳಿಯಲು ಬೇಕಾದ ಅವನ ವಾಸದ ಪರವಾನಗಿ, ಇಕಾಮಾ, ವರ್ಷವರ್ಷ ನವೀಕರಣವಾಗುತ್ತಿದ್ದುದೂ ಆ ಬೆರಳುಗಳಿಂದಲೇ.

ಕಣ್ಣು ಮುಚ್ಚಿ ಸವರಿದ. ತುದಿಯಿಂದ ಬುಡದವರೆಗೂ ನುಣ್ಣಗೇ ಅನಿಸಿತು.

“ಅಯ್ಯನವರ, ಅದು ಬಣ್ಣ ಅಲ್ಲರಿ!” ಪಕ್ಕದ ಲೇತ್ ನಿಲ್ಲಿಸಿ ಸಿದ್ದಲಿಂಗೇಶ ಕೂಗಿದ. “ರಕ್ತ ಐತಿ. ಕೈ ನೋಡ್ಕೋರಿ!”

ತೋರುಬೆರಳಿನ ತುದಿಯಲ್ಲಿ ಅರ್ಧ ಇಂಚಿನ ಸಿಬಿರು ಹೊಕ್ಕಿತ್ತು.

“ಗೊತ್ತೈತಿ ನನಗ. ನೀ ನಿನ್ನ ಕೆಲಸ ನೋಡು,” ಎಂದು ಗದರಿ ಬಸಲಿಂಗಯ್ಯ ಅದನ್ನು ಎಳೆದು ತೆಗೆದ. ಪಕ್ಕದ ಲೇತ್ ಮತ್ತೆ ತಿರುಗುವವರೆಗೆ ಕಾದ. ಆಮೇಲೆ ಕಣ್ಣು ಮುಚ್ಚಿ, ಅದೇ ಸಿಬಿರನ್ನು ನಡುಬೆರಳಿಗೆ ಒತ್ತಿದ.

ಚುಚ್ಚಿತೋ ಇಲ್ಲವೋ ತಿಳಿಯಲು ಕಣ್ಣು ತೆರೆದು ನೋಡಬೇಕಾಯಿತು.